ದಕ್ಷತೆ ಎಂಬ ಮಾತಿನ ಬೆನ್ನು ಹತ್ತಿ

ಫೋರ್ಟ್ ಕೊಚ್ಚಿಯ ಕಡಲಂಚಿನಲ್ಲಿ ನಿಂತಿರುವ ಚೀನಾ ಬಲೆಗಳನ್ನು ಮೊದಲ ಸಲ ನೋಡುವ ಕನ್ನಡಿಗನಿಗೆ ನೆನಪಾಗುವುದು ಹಳ್ಳಿಯ ಏತ. ಉದ್ದನೆಯ ಮರದ ತೊಲೆಗಳು, ಅವುಗಳ ಒಂದು ತುದಿಗೆ ನೀರಿನ ಮೇಲೆ ಬಾಗಿದ ಅಗಲವಾದ ಬಲೆ, ಇನ್ನೊಂದು ತುದಿಯಲ್ಲಿ ಹಗ್ಗಗಳಿಗೆ ಕಟ್ಟಿ ಇಳಿಬಿಟ್ಟ ಕಲ್ಲುಗಳು. ನಾಲ್ಕಾರು ಜನ ಹಗ್ಗ ಹಿಡಿದು ಜಗ್ಗಿದರೆ ಕಲ್ಲುಗಳು ಒಂದೊಂದಾಗಿ ಕೆಳಗಿಳಿಯುತ್ತವೆ, ಬಲೆ ನೀರಿನಿಂದ ಮೇಲೇಳುತ್ತದೆ. ಬಲೆಯನ್ನು ಕೆಲವು ನಿಮಿಷ ಮಾತ್ರ ನೀರಿನಲ್ಲಿ ಬಿಟ್ಟು ಎತ್ತುವುದು ರೂಢಿ. ಎತ್ತಿದಾಗ ಅದರೊಳಗೆ ಇರುವುದು ಹೆಚ್ಚೆಂದರೆ ಒಂದು ಬುಟ್ಟಿ ಮೀನು. ಅನೇಕ ಸಲ ಅಷ್ಟೂ ಇರುವುದಿಲ್ಲ. ಪಕ್ಕದಲ್ಲಿ ನಿಂತ ಪ್ರವಾಸಿಗಳಲ್ಲಿ ಒಬ್ಬನಾದರೂ ಇಂಗ್ಲಿಷಿನಲ್ಲಿ, ಇದು ಎಫಿಶಿಯೆಂಟ್ ಅಲ್ಲ, ಎಂದು ತೀರ್ಪು ಕೊಡುತ್ತಾನೆ. ಅವನ ಜೊತೆಯವನು, ಆದರೂ ಎಫೆಕ್ಟಿವ್ ಅಲ್ಲವೇ, ಇಷ್ಟು ಕಾಲ ನಡೆದು ಬಂದಿದೆಯಲ್ಲ, ಎನ್ನುತ್ತಾನೆ. ಹಗ್ಗ ಜಗ್ಗುವವರಿಗೆ ಈ ಚರ್ಚೆ ಕೇಳಿಸುವುದಿಲ್ಲ. ಕೇಳಿಸಿದರೂ ಅವರು ಹಗ್ಗ ಬಿಡುವ ಹಾಗಿಲ್ಲ.

ಈ ಎರಡು ಮಾತುಗಳನ್ನು ಕನ್ನಡಕ್ಕೆ ತರಲು ಹೊರಟವನಿಗೆ ಕಷ್ಟ ಅಲ್ಲಿಂದಲೇ ಆರಂಭವಾಗುತ್ತದೆ. ನಿಘಂಟುಗಳು ಮೊದಲನೆಯದಕ್ಕೆ ದಕ್ಷ, ಸಮರ್ಥ, ಕಾರ್ಯಕ್ಷಮ ಎಂದೂ ಎರಡನೆಯದಕ್ಕೆ ಪರಿಣಾಮಕಾರಿ, ಫಲಪ್ರದ, ಫಲಕಾರಿ ಎಂದೂ ಅರ್ಥ ಕೊಡುತ್ತವೆ. ಪತ್ರಿಕೆಗಳು ಇವುಗಳನ್ನು ಅದಲುಬದಲಾಗಿ ಬಳಸುತ್ತವೆ. ‘ದಕ್ಷ ಹಾಗೂ ಪರಿಣಾಮಕಾರಿ ಆಡಳಿತ’ ಎಂಬ ಜೋಡಿಪದವಂತೂ ‘ಹಾಲುಜೇನು’ ಎಂಬಷ್ಟು ಸಲೀಸಾಗಿ ನಾಲಿಗೆಯ ಮೇಲೆ ಬರುತ್ತದೆ. ಆದರೆ ಹಾಲು ಬೇರೆ, ಜೇನು ಬೇರೆ ಎಂಬುದು ಎಲ್ಲರಿಗೂ ತಿಳಿದಿದೆ, ಇಲ್ಲಿ ಹಾಗಲ್ಲ.

ಸ್ವಾರಸ್ಯದ ಸಂಗತಿಯೆಂದರೆ ಇಂಗ್ಲಿಷಿನ ಈ ಎರಡೂ ಪದಗಳು ಒಂದೇ ಲ್ಯಾಟಿನ್ ಕ್ರಿಯಾಪದದ ಸಂತಾನ. ‘ಹೊರಗೆ’ ಎಂಬ ಅರ್ಥದ ಉಪಸರ್ಗ ‘ಎಕ್ಸ್’, ‘ಮಾಡು’ ಎಂಬ ಅರ್ಥದ ‘ಫಾಕೆರೆ’ ಕೂಡಿ ‘ಎಫಿಕೆರೆ’ ಆಗುತ್ತದೆ. ಮಾಡಿ ಮುಗಿಸು, ಈಡೇರಿಸು ಎಂದು ಅದರ ತಾತ್ಪರ್ಯ. ಅದರ ವರ್ತಮಾನ ಕೃದಂತದಿಂದ ಬಂದದ್ದು ಎಫಿಶಿಯೆಂಟ್. ಭೂತ ಕೃದಂತದಿಂದ ಬಂದದ್ದು ಎಫೆಕ್ಟ್, ಎಫೆಕ್ಟಿವ್. ಅಂದರೆ ಒಂದು ‘ಮಾಡುವ’, ಇನ್ನೊಂದು ‘ಮಾಡಿದ’. ಮೂರನೆಯದೊಂದಿದೆ, ಎಫಿಕೇಶಿಯಸ್, ಅದು ‘ಮಾಡಬಲ್ಲ’. ಕನ್ನಡದ ಕೃದಂತ ಪ್ರಕರಣವನ್ನು ಓದಿದ ಯಾವ ವಿದ್ಯಾರ್ಥಿಗೂ ಈ ಮೂರರ ಅಂತರವನ್ನು ವಿವರಿಸಬೇಕಾಗಿಲ್ಲ. ಮಾಡುವವನನ್ನು ನೋಡುವ ದೃಷ್ಟಿ ಒಂದು, ಮಾಡಿದ್ದನ್ನು ನೋಡುವ ದೃಷ್ಟಿ ಮತ್ತೊಂದು, ಮಾಡುವ ಗುಣ ಒಳಗೆ ಅಡಗಿದೆಯೇ ಎಂದು ನೋಡುವುದು ಇನ್ನೊಂದು. ಇಂಗ್ಲಿಷಿನ ಪದಗಳು ಆಮೇಲೆ ಎಷ್ಟೇ ದೂರ ಅಲೆದಿದ್ದರೂ ಈ ಹುಟ್ಟುಗುಣವನ್ನು ಬಿಟ್ಟಿಲ್ಲ.

ಅವು ಅಲೆದ ದೂರವೂ ಕಡಿಮೆಯದಲ್ಲ. ಯುರೋಪಿನ ಮಧ್ಯಯುಗದ ತತ್ತ್ವಶಾಸ್ತ್ರದಲ್ಲಿ ‘ಎಫಿಶಿಯೆಂಟ್ ಕಾರಣ’ ಎಂದರೆ ಅರಿಸ್ಟಾಟಲನ ನಾಲ್ಕು ಕಾರಣಗಳಲ್ಲಿ ಒಂದು. ನಮ್ಮ ತಾರ್ಕಿಕರು ನಿಮಿತ್ತಕಾರಣ ಎಂದದ್ದಕ್ಕೆ ಹತ್ತಿರವಾದದ್ದು. ಮಡಕೆಗೆ ಮಣ್ಣು ಉಪಾದಾನ, ಕುಂಬಾರ ನಿಮಿತ್ತ. ಕುಂಬಾರ ಎಷ್ಟು ಬೇಗ ಮಾಡಿದ, ಎಷ್ಟು ಮಣ್ಣು ಉಳಿಸಿದ ಎಂಬ ಪ್ರಶ್ನೆಯೇ ಆ ಪದದಲ್ಲಿ ಇರಲಿಲ್ಲ. ಅವನು ಮಾಡುವವನು, ಅಷ್ಟೆ. ಆ ಪ್ರಶ್ನೆಯನ್ನು ತಂದದ್ದು ಉಗಿಯಂತ್ರ. ಇಂಗ್ಲೆಂಡಿನ ಕಾರ್ನ್‌ವಾಲ್ ಗಣಿಗಳಲ್ಲಿ ನೀರೆತ್ತುವ ಯಂತ್ರಗಳ ಲೆಕ್ಕವನ್ನು 1811ರಿಂದ ತಿಂಗಳು ತಿಂಗಳೂ ಅಚ್ಚು ಹಾಕಿ ಹಂಚತೊಡಗಿದರು. ಒಂದು ಅಳತೆ ಕಲ್ಲಿದ್ದಲಿಗೆ ಯಂತ್ರವು ಎಷ್ಟು ಪೌಂಡು ನೀರನ್ನು ಒಂದು ಅಡಿ ಎತ್ತಿತು ಎಂಬುದೇ ಆ ಲೆಕ್ಕ. ಅದಕ್ಕೆ ಅವರು ಇಟ್ಟ ಹೆಸರು ‘ಡ್ಯೂಟಿ’. ಯಂತ್ರಕ್ಕೂ ಒಂದು ಕರ್ತವ್ಯವಿದೆ ಎಂಬ ಭಾವನೆ ಇನ್ನೂ ಉಳಿದಿದ್ದ ಕಾಲ ಅದು! ಆ ಶತಮಾನದ ನಡುವಿನ ಹೊತ್ತಿಗೆ ರ‍್ಯಾಂಕಿನ್ ಮೊದಲಾದವರ ಬರಹಗಳಲ್ಲಿ ‘ಎಫಿಶಿಯೆನ್ಸಿ’ ಎಂಬುದು ಹಾಕಿದ ಶಕ್ತಿಗೂ ದೊರೆತ ಕೆಲಸಕ್ಕೂ ಇರುವ ಪ್ರಮಾಣ ಎಂಬ ಅರ್ಥದಲ್ಲಿ ನೆಲೆಗೊಂಡಿತು. ಒಂದಕ್ಕಿಂತ ಎಂದೂ ಹೆಚ್ಚಾಗದ ಭಿನ್ನರಾಶಿ ಅದು. ಕರ್ತವ್ಯ ಎಂದಿದ್ದದ್ದು ಅಂಕಿಯಾಯಿತು.

ಅಂಕಿಯನ್ನು ಯಂತ್ರದಿಂದ ಮನುಷ್ಯನಿಗೆ ದಾಟಿಸಿದ್ದು ಅಮೆರಿಕ. ಕೂಲಿಯಾಳು ಸಲಿಕೆ ಎತ್ತುವ ವೇಳೆಯನ್ನು ಗಡಿಯಾರ ಹಿಡಿದು ಅಳೆದ ಫ್ರೆಡ್ರಿಕ್ ಟೇಲರನ ಪುಸ್ತಕ 1911ರಲ್ಲಿ ಹೊರಬಂದಿತು. ಸಾಮ್ರಾಜ್ಯದ ಕಚೇರಿಗಳೂ ಆ ಮಾತನ್ನು ತಮ್ಮದೇ ರೀತಿಯಲ್ಲಿ ಬಳಸಿದವು. ಭಾರತದ ಸರ್ಕಾರಿ ನೌಕರರ ವೇತನಶ್ರೇಣಿಯ ನಡುವೆ ‘ಇ.ಬಿ.’ ಎಂಬ ಎರಡಕ್ಷರ ಬಹುಕಾಲ ಇತ್ತು. 700-40-900-ಇ.ಬಿ.-40-1100-50-1300 ಎಂಬ ಶ್ರೇಣಿಯನ್ನು ಹಳಬರು ಇಂದಿಗೂ ಮಗ್ಗಿಯಂತೆ ಒಪ್ಪಿಸಬಲ್ಲರು. ಇ.ಬಿ. ಎಂದರೆ ಎಫಿಶಿಯೆನ್ಸಿ ಬಾರ್, ದಕ್ಷತೆಯ ಅಡ್ಡಗಟ್ಟೆ. ಅಲ್ಲಿಯವರೆಗೆ ವರ್ಷ ಕಳೆದರೆ ಸಾಕು, ಸಂಬಳ ತಾನಾಗಿ ಏರುತ್ತಿತ್ತು. ಆ ಗಟ್ಟೆಯನ್ನು ದಾಟಲು ಮಾತ್ರ ಮೇಲಧಿಕಾರಿ ‘ಈತ ದಕ್ಷ’ ಎಂದು ಬರೆಯಬೇಕಿತ್ತು. ಐದನೆಯ ಕೇಂದ್ರ ವೇತನ ಆಯೋಗದ ಬಳಿಕ, 1990ರ ದಶಕದ ಕೊನೆಯಲ್ಲಿ, ಕೇಂದ್ರ ಸೇವೆಯಿಂದ ಆ ಗಟ್ಟೆ ಹೋಯಿತು. ದಕ್ಷತೆಯನ್ನು ಮೇಲಿನವನು ಕೆಳಗಿನವನಿಗೆ ಕೊಡುವ ಚೀಟಿ ಎಂದು ಭಾವಿಸುವ ಅಭ್ಯಾಸ ಅಷ್ಟು ಬೇಗ ಹೋಗುವಂಥದಲ್ಲ.

ಪುನಃ ಕೊಚ್ಚಿಗೆ ಬಂದರೆ, ಚೀನಾ ಬಲೆಗಳ ಮುಂದಿನಿಂದಲೇ ಹಡಗುಗಳು ಒಳಬಂದರಿಗೆ ಹೋಗುತ್ತವೆ. ಆ ದಾರಿ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇರಲಿಲ್ಲ. ಹಿನ್ನೀರು ಕಡಲನ್ನು ಕೂಡುವ ಬಾಯಲ್ಲಿ ಮರಳಿನ ದಿಬ್ಬ ಅಡ್ಡ ಮಲಗಿತ್ತು. ದೊಡ್ಡ ಹಡಗುಗಳು ಹೊರಗಡಲಲ್ಲೇ ಲಂಗರು ಹಾಕಬೇಕಿತ್ತು. 1920ರಲ್ಲಿ ಇಲ್ಲಿಗೆ ಬಂದ ಇಂಜಿನಿಯರ್ ರಾಬರ್ಟ್ ಬ್ರಿಸ್ಟೋ ಆ ದಿಬ್ಬವನ್ನು ಕಡಿದು ದಾರಿ ಮಾಡಿದರು. 1928ರ ಮೇ 26ರಂದು ‘ಪದ್ಮಾ’ ಎಂಬ ಹಡಗು ಒಳಬಂದರನ್ನು ಪ್ರವೇಶಿಸಿತು. ತೋಡಿದ ಹೂಳನ್ನು ಹಿನ್ನೀರಿನಲ್ಲೇ ಸುರಿದು ಎಬ್ಬಿಸಿದ ನೆಲವೇ ಇಂದಿನ ವೆಲಿಂಗ್ಡನ್ ದ್ವೀಪ. ದಿನಕ್ಕೆ ಎಷ್ಟು ಮರಳು ತೋಡಿದರು ಎಂಬುದು ಎಫಿಶಿಯೆನ್ಸಿಯ ಪ್ರಶ್ನೆ. ಅದಕ್ಕೆ ಹೂಳೆತ್ತುವ ಯಂತ್ರವೇ ಉತ್ತರ ಹೇಳಬಲ್ಲದು. ಆದರೆ ಬ್ರಿಸ್ಟೋ ವರ್ಷಗಟ್ಟಲೆ ತಲೆಕೆಡಿಸಿಕೊಂಡದ್ದು ಬೇರೆ ಪ್ರಶ್ನೆಗಳಿಗೆ. ಮಳೆಗಾಲದ ಕಡಲು ತೋಡಿದ ದಾರಿಯನ್ನು ಮತ್ತೆ ಮುಚ್ಚುವುದೇ? ದಿಬ್ಬ ತೆಗೆದರೆ ವೈಪಿನ್ ದಂಡೆ ಕೊರೆದುಹೋಗುವುದೇ? ಇವು ಎಫೆಕ್ಟಿನ ಪ್ರಶ್ನೆಗಳು. ತೋಡುವ ಯಂತ್ರಕ್ಕೆ ಇವು ಅರ್ಥವೇ ಆಗುವುದಿಲ್ಲ. ಉತ್ತರ ಕೂಡ ಒಮ್ಮೆಗೇ ಮುಗಿಯುವಂಥದಲ್ಲ. ಇಂದಿಗೂ ಕೊಚ್ಚಿ ಬಂದರು ತನ್ನ ಕಾಲುವೆಯ ಹೂಳನ್ನು ಬಿಡದೆ ತೆಗೆಸುತ್ತಲೇ ಇರಬೇಕು. ‘ಮಾಡಿದ’ ಎಂಬ ಭೂತ ಕೃದಂತ ಆ ನೀರಿನಲ್ಲಿ ‘ಮಾಡುತ್ತಿರುವ’ ಎಂದೇ ಉಳಿದುಕೊಂಡಿದೆ.

ತಿರುವನಂತಪುರದಲ್ಲಿ ಈ ಪದಗಳ ಚರಿತ್ರೆ ಇನ್ನೊಂದು ಬಗೆಯದು. ಬರ್ಮಿಂಗ್‌ಹ್ಯಾಮಿನಲ್ಲಿ 1917ರಲ್ಲಿ ಹುಟ್ಟಿ, ಈ ಊರಿನಲ್ಲಿ ನೆಲೆಸಿ, 2007ರಲ್ಲಿ ಇಲ್ಲಿಯೇ ತೀರಿಕೊಂಡ ವಾಸ್ತುಶಿಲ್ಪಿ ಲಾರಿ ಬೇಕರ್ ಅವರ ಹೆಸರಿನೊಡನೆ ‘ಕಾಸ್ಟ್ ಎಫೆಕ್ಟಿವ್’ ಎಂಬ ವಿಶೇಷಣ ಅಂಟಿಕೊಂಡುಬಿಟ್ಟಿದೆ. ಉಳ್ಳೂರಿನ ಅಭಿವೃದ್ಧಿ ಅಧ್ಯಯನ ಕೇಂದ್ರದ ಆವರಣವನ್ನು ಕಟ್ಟಿದವರು ಅವರು. ತಂಪಾನೂರಿನ ಇಂಡಿಯನ್ ಕಾಫಿ ಹೌಸಿನ ಸುರುಳಿಯಾಕಾರದ ಕಟ್ಟಡವೂ ಅವರದೇ. ಇಟ್ಟಿಗೆಯನ್ನು ಮಲಗಿಸದೆ ಅಂಚಿನ ಮೇಲೆ ನಿಲ್ಲಿಸಿ, ಗೋಡೆಯ ನಡುವೆ ಟೊಳ್ಳು ಬಿಟ್ಟು ಕಟ್ಟುವ ಕ್ರಮವನ್ನು ಅವರು ಬಳಕೆಗೆ ತಂದರು. ಇಲಿಬೋನಿನಂತೆ ಕಾಣುವ ಆ ಕಟ್ಟಣೆಯಿಂದ ಇಟ್ಟಿಗೆಯಲ್ಲಿ ಸುಮಾರು ಕಾಲುಭಾಗ ಉಳಿಯುತ್ತದೆ. ಒಳಗಿನ ಟೊಳ್ಳಿನಿಂದ ಬಿಸಿಲಿನ ಕಾವೂ ಕಡಿಮೆಯಾಗುತ್ತದೆ. ಅವರ ವಿಚಾರಗಳನ್ನು ಹರಡಲೆಂದು 1985ರಲ್ಲಿ ಹುಟ್ಟಿದ ಕಾಸ್ಟ್‌ಫೋರ್ಡ್ ಸಂಸ್ಥೆಯ ಹಿಂದೆ ಮುಖ್ಯಮಂತ್ರಿಯಾಗಿದ್ದ ಸಿ. ಅಚ್ಯುತ ಮೇನೋನ್ ಮತ್ತು ಅರ್ಥಶಾಸ್ತ್ರಜ್ಞ ಕೆ.ಎನ್. ರಾಜ್ ಅವರೂ ಇದ್ದರು.

‘ಕಾಸ್ಟ್ ಎಫೆಕ್ಟಿವ್’ ಎಂಬುದಕ್ಕೆ ಕನ್ನಡದಲ್ಲಿ ಸಾಮಾನ್ಯವಾಗಿ ‘ಅಗ್ಗದ’, ‘ಕಡಿಮೆ ಖರ್ಚಿನ’, ಅಥವಾ ಗಂಭೀರವಾಗಿ ‘ಮಿತವ್ಯಯದ’ ಎಂದು ಬರೆಯುತ್ತಾರೆ. ಮೂರೂ ತಪ್ಪಲ್ಲ, ಮೂರೂ ಸರಿಯಲ್ಲ. ಅಗ್ಗ ಎಂಬಲ್ಲಿ ಕೀಳು ಎಂಬ ವಾಸನೆ ಇದೆ. ಮಿತವ್ಯಯದಲ್ಲಿ ಖರ್ಚಿನ ಮಾತಿದೆ, ಫಲದ ಮಾತಿಲ್ಲ. ಆದರೆ ಕನ್ನಡದ ಅಡುಗೆಮನೆಯಲ್ಲಿ ಈ ಅರ್ಥಕ್ಕೆ ಹೇಳಿ ಮಾಡಿಸಿದಂಥ ಒಂದು ಕ್ರಿಯಾಪದ ಎಷ್ಟೋ ಕಾಲದಿಂದ ಇದೆ: ಒದಗು. ಹೊಸ ಅಕ್ಕಿ ಒದಗುವುದಿಲ್ಲ, ಹಳೆ ಅಕ್ಕಿ ಒದಗುತ್ತದೆ ಎನ್ನುತ್ತಾರೆ ಮನೆ ನಡೆಸುವ ಹೆಂಗಸರು. ಅದೇ ಒಂದು ಪಾವು ಅಕ್ಕಿ. ಒಂದು ಬೆಂದು ನಾಲ್ವರಿಗೆ ಸಾಕಾಗುತ್ತದೆ, ಇನ್ನೊಂದು ಮೂವರಿಗೇ ಮುಗಿಯುತ್ತದೆ. ಇದರಲ್ಲಿ ಹಾಕಿದ್ದಕ್ಕೂ ದೊರೆತದ್ದಕ್ಕೂ ಇರುವ ಪ್ರಮಾಣವಿದೆ. ಉಣ್ಣುವವರ ಹೊಟ್ಟೆ ತುಂಬಿತೇ ಎಂಬ ಫಲವೂ ಇದೆ. ಕಷ್ಟಕಾಲಕ್ಕೆ ಬಂಧು ಒದಗಿದ ಎನ್ನುವಾಗ ಆ ಪದವೇ ಇನ್ನೂ ಒಂದು ಮೆಟ್ಟಿಲು ಮೇಲೇರುತ್ತದೆ. ಬೇಕರ್ ಅವರ ಗೋಡೆಯಲ್ಲಿ ಇಟ್ಟಿಗೆ ಒದಗುತ್ತದೆ. ಪಾರಿಭಾಷಿಕ ಪದಕೋಶಗಳ ಸಮಿತಿಗಳು ಸಂಸ್ಕೃತದ ಬಾಗಿಲನ್ನು ತಟ್ಟುವ ಮೊದಲು ಇಂಥ ಅಡುಗೆಮನೆಗಳ ಕಡೆ ಒಮ್ಮೆ ಹಾದುಹೋಗಿದ್ದರೆ ಚೆನ್ನಾಗಿತ್ತು ಎಂದು ಅನ್ನಿಸದೆ ಇರದು.

ನಗರದ ಉತ್ತರಕ್ಕೆ, ಕಡಲದಂಡೆಯ ತುಂಬಾದಲ್ಲಿ, 1963ರ ನವೆಂಬರ್ 21ರಂದು ಭಾರತದ ನೆಲದಿಂದ ಮೊದಲ ಶೋಧಕ ರಾಕೆಟ್ಟು ಹಾರಿತು. ರಾಕೆಟ್ಟು ಅಮೆರಿಕದಿಂದ ಬಂದ ನೈಕ್-ಅಪಾಚೆ. ಸಂತ ಮೇರಿ ಮಗ್ದಲೇನಳ ಇಗರ್ಜಿ ಅಲ್ಲಿನ ವಿಜ್ಞಾನಿಗಳಿಗೆ ಕಾರ್ಯಾಗಾರವಾಯಿತು. ಬಿಡಿಭಾಗಗಳು ಸೈಕಲ್ಲಿನ ಮೇಲೆ ಸಾಗಿದ ಚಿತ್ರ ಜಗತ್ತಿನಾದ್ಯಂತ ಪ್ರಸಿದ್ಧವಾಗಿದೆ. ಸೈಕಲ್ಲಿನ ಮೇಲೆ ರಾಕೆಟ್ಟಿನ ಮೂತಿಯನ್ನು ಸಾಗಿಸುವುದನ್ನು ಟೇಲರ್ ಕಂಡಿದ್ದರೆ ಗಡಿಯಾರವನ್ನು ಜೇಬಿಗಿಳಿಸುತ್ತಿದ್ದನೇನೋ. ಆದರೆ ಆ ಊರನ್ನು ಆಯ್ದುಕೊಂಡದ್ದಕ್ಕೆ ಕಾರಣ ಭೂಮಿಯ ಕಾಂತೀಯ ವಿಷುವದ್ರೇಖೆ ಅದರ ಹತ್ತಿರವೇ ಹಾದುಹೋಗುತ್ತದೆ ಎಂಬುದು. ತಕ್ಕ ಜಾಗದಲ್ಲಿ ನಿಂತ ಮೇಲೆ ಉಳಿದದ್ದು ಸೈಕಲ್ಲಿನಲ್ಲಿ ಬಂದರೂ ನಡೆಯುತ್ತದೆ. ಕೆಲಸವನ್ನು ಸರಿಯಾಗಿ ಮಾಡುವುದು ಒಂದು, ಸರಿಯಾದ ಕೆಲಸವನ್ನು ಮಾಡುವುದು ಇನ್ನೊಂದು ಎಂದು ಪೀಟರ್ ಡ್ರಕರ್ ಮುಂತಾದ ಆಡಳಿತಶಾಸ್ತ್ರದ ಪಂಡಿತರು ಈ ಎರಡು ಪದಗಳ ನಡುವೆ ಗೆರೆ ಎಳೆದದ್ದು ಮುಂದೆ ವ್ಯವಹಾರ ಶಾಲೆಗಳ ಪಾಠವಾಯಿತು. ಅದನ್ನು ತುಂಬಾದ ಮರಳಿನಲ್ಲಿ ಆಗಲೇ ಬರೆದಿಟ್ಟಂತಿದೆ.

ಮೂರನೆಯ ಪದ, ‘ಮಾಡಬಲ್ಲ’ ಎಂಬುದು, ಹೆಚ್ಚಾಗಿ ಉಳಿದುಕೊಂಡದ್ದು ವೈದ್ಯರ ಬಳಿಯಲ್ಲಿ. ಕೋವಿಡ್ ಲಸಿಕೆಗಳ ಕಾಲದಲ್ಲಿ ಎಫಿಕಸಿ ಎಂಬ ಮಾತು ಮನೆಮನೆಗೂ ತಲುಪಿತು. ಪರೀಕ್ಷೆಗೆಂದು ಆಯ್ದ ಜನರಲ್ಲಿ, ಕಟ್ಟುನಿಟ್ಟಿನ ವ್ಯವಸ್ಥೆಯಲ್ಲಿ ಔಷಧ ಎಷ್ಟು ಕೆಲಸ ಮಾಡಿತು ಎಂಬುದು ಎಫಿಕಸಿ; ಊರೊಳಗೆ, ಗುಳಿಗೆ ಮರೆಯುವವರ ಮತ್ತು ಅರ್ಧಕ್ಕೆ ಬಿಡುವವರ ನಡುವೆ ಎಷ್ಟು ಕೆಲಸ ಮಾಡಿತು ಎಂಬುದು ಎಫೆಕ್ಟಿವ್‌ನೆಸ್. ನಮ್ಮ ಪತ್ರಿಕೆಗಳಲ್ಲಿ ಎರಡಕ್ಕೂ ‘ಪರಿಣಾಮಕಾರಿತ್ವ’ ಎಂಬ ಒಂದೇ ಮಾತು ಬಂದದ್ದರಿಂದ ಗೊಂದಲವೂ ಆಯಿತು. ಆಯುರ್ವೇದದವರ ಬಳಿ ಇದಕ್ಕಿಂತ ಸೂಕ್ಷ್ಮವಾದ ಪದಗಳಿದ್ದವು. ದ್ರವ್ಯಕ್ಕೆ ರಸ, ಗುಣ, ವೀರ್ಯ, ವಿಪಾಕ ಎಂದು ಹೇಳಿ, ಇವು ಯಾವುವೂ ವಿವರಿಸಲಾರದ ವಿಶೇಷ ಶಕ್ತಿಗೆ ಪ್ರಭಾವ ಎಂದರು. ವೀರ್ಯ ಎಂಬುದು ಎಫಿಕಸಿಗೆ ಎಲ್ಲ ರೀತಿಯಿಂದಲೂ ಒಪ್ಪುವ ಪದ. ಇತರ ಅರ್ಥಗಳು ಅದನ್ನು ಸಭ್ಯರ ಬಾಯಿಂದ ದೂರ ಮಾಡಿದವು. ಜನರ ಬಾಯಲ್ಲಿ ಮದ್ದು ‘ಹಿಡಿಯುತ್ತದೆ’, ಮಾತು ‘ನಾಟುತ್ತದೆ’. ಮಲಯಾಳಿಗಳು, ತಾಗದೆ ಹೋದ ಮಾತಿಗೂ ಉಪಾಯಕ್ಕೂ ‘ಏಶಿಯಿಲ್ಲ’ ಎನ್ನುತ್ತಾರೆ. ವೈದ್ಯನ ವಿಷಯಕ್ಕೆ ಕನ್ನಡದಲ್ಲಿ ಕೈಗುಣ ಎಂಬ ಮಾತಿದೆ. ಮಲಯಾಳದ ಕೈಪ್ಪುಣ್ಯಂ ಅಡುಗೆಯವರಿಗೆ ಹೆಚ್ಚಾಗಿ ಸಲ್ಲುತ್ತದೆ. ಪಶ್ಚಿಮದ ಯಾವ ಲೆಕ್ಕಪುಸ್ತಕದಲ್ಲಿಯೂ ಕೈಗುಣಕ್ಕೆ ಕಲಮು ಇಲ್ಲ.

ತಿರುವನಂತಪುರದ ಶ್ರೀ ಚಿತ್ರಾ ತಿರುನಾಳ್ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ಮತ್ತು ಅವರ ಸಂಗಡಿಗರು ಹೃದಯದ ಕೃತಕ ಕವಾಟವನ್ನು ರೂಪಿಸಲು ಹೊರಟಾಗ ಮೊದಲ ಮೂರು ಮಾದರಿಗಳು ಸೋತವು. ನಾಲ್ಕನೆಯದು ಗೆದ್ದಿತು. 1990ರ ಡಿಸೆಂಬರಿನಲ್ಲಿ ಅದನ್ನು ಮೊದಲ ಬಾರಿಗೆ ರೋಗಿಯೊಬ್ಬರಿಗೆ ಅಳವಡಿಸಿದರು. ಕವಾಟದ ಮೂಲಕ ರಕ್ತ ಎಷ್ಟು ಸಲೀಸಾಗಿ ಹರಿಯಿತು, ಎಷ್ಟು ಹಿಂದಕ್ಕೆ ಸೋರಿತು ಎಂಬುದನ್ನು ಪ್ರಯೋಗಾಲಯದಲ್ಲಿ ಅಳೆಯಬಹುದು. ಆದರೆ ವಾತಜ್ವರದಿಂದ ಹೃದಯ ಕೆಟ್ಟ ಬಡವರು ಆಮದು ಕವಾಟದ ಬೆಲೆ ತೆರಲಾರರು ಎಂಬುದೇ ಆ ಪ್ರಯತ್ನದ ಮೂಲವಾಗಿತ್ತು. ಆ ಬಡವರ ಎದೆಯೊಳಗೆ ಕವಾಟ ತಲುಪಿತೇ ಎಂಬುದನ್ನು ಅಳೆಯುವ ಮಾಪಕ ಪ್ರಯೋಗಾಲಯದ ಮೇಜಿನ ಮೇಲೆ ಇರುವುದಿಲ್ಲ. ಬ್ರಿಟನ್ನಿನ ವೈದ್ಯ ಆರ್ಚಿ ಕಾಕ್ರೇನ್ 1972ರಲ್ಲಿ ಆರೋಗ್ಯಸೇವೆಗಳನ್ನು ಕುರಿತು ಬರೆದ ಪುಸ್ತಕಕ್ಕೆ ಈ ಎರಡು ಪದಗಳನ್ನೇ ಹೆಸರಾಗಿಟ್ಟ; ಅದರಲ್ಲಿ ಎಫೆಕ್ಟಿವ್‌ನೆಸ್ ಮೊದಲು, ಎಫಿಶಿಯೆನ್ಸಿ ಆಮೇಲೆ. ಆ ಅನುಕ್ರಮ ಆಕಸ್ಮಿಕವಲ್ಲ. ಗುಣವನ್ನೇ ಕೊಡದ ಚಿಕಿತ್ಸೆಯನ್ನು ಎಷ್ಟು ಕಡಿಮೆ ಖರ್ಚಿನಲ್ಲಿ ಕೊಟ್ಟರೇನು?

ಇನ್ನು ದಕ್ಷ ಎಂಬ ಸಂಸ್ಕೃತ ಪದದ ಮಾತು. ಸಮರ್ಥ, ಚತುರ, ನಿಪುಣ ಎಂದು ಅದಕ್ಕೆ ಅರ್ಥ. ಪುರಾಣದಲ್ಲಿ ಅದೇ ಹೆಸರಿನ ಪ್ರಜಾಪತಿಯೊಬ್ಬನಿದ್ದಾನೆ. ಅವನ ಯಜ್ಞದ ಕಥೆ ಕರಾವಳಿಯ ಯಕ್ಷಗಾನದಲ್ಲಿ ದಕ್ಷಾಧ್ವರವಾಗಿ, ತಿರುವನಂತಪುರದ ಇರಯಿಮ್ಮನ್ ತಂಬಿ ರಚಿಸಿದ ಆಟ್ಟಕಥೆಯಿಂದ ಕಥಕಳಿಯಲ್ಲಿ ದಕ್ಷಯಾಗವಾಗಿ ಎರಡೂ ನಾಡುಗಳ ರಂಗಸ್ಥಳವನ್ನು ತುಂಬಿದೆ. ಆ ಯಜ್ಞದಲ್ಲಿ ಏನೂ ಕೊರತೆ ಇರಲಿಲ್ಲ: ಋತ್ವಿಜರಿದ್ದರು, ಹವಿಸ್ಸಿತ್ತು, ವಿಧಿ ತಪ್ಪಿರಲಿಲ್ಲ. ಒಬ್ಬನನ್ನು ಕರೆಯಲಿಲ್ಲ, ಅಷ್ಟೆ. ಮುಂದಿನದು ವೀರಭದ್ರನ ಕೆಲಸ. ದಕ್ಷತೆ ಎಂಬ ಭಾವನಾಮವನ್ನು ಆಡಳಿತಕ್ಕೆ ಅಂಟಿಸಿದವರಿಗೆ ಈ ಹಳೆಯ ಕಥೆ ನೆನಪಿತ್ತೋ ಇಲ್ಲವೋ.

ಕರೆಯದೆ ಬಿಟ್ಟವರ ಪ್ರಶ್ನೆ ಬರುವುದು ಸಂವಿಧಾನದ 335ನೆಯ ಅನುಚ್ಛೇದದಲ್ಲಿ. ಸರ್ಕಾರಿ ನೇಮಕಗಳಲ್ಲಿ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡಗಳ ಹಕ್ಕನ್ನು ಪರಿಗಣಿಸಬೇಕು ಎಂದು ಹೇಳುವ ಆ ವಾಕ್ಯ, ಆಡಳಿತದ ದಕ್ಷತೆಯನ್ನು ಕಾಪಾಡಿಕೊಂಡು ಬರುವುದಕ್ಕೆ ಸುಸಂಗತವಾಗಿ ಎಂಬ ಷರತ್ತನ್ನೂ ಜೊತೆಗಿಟ್ಟಿದೆ. ದಕ್ಷತೆ ಎಂದರೇನು ಎಂದು ಸಂವಿಧಾನ ವಿವರಿಸಿಲ್ಲ. ಅದನ್ನು ವಿವರಿಸುವ ಹೊಣೆ ಗುಮಾಸ್ತರೊಬ್ಬರ ಮೊಕದ್ದಮೆಯ ಮೂಲಕ ನ್ಯಾಯಾಲಯಕ್ಕೆ ಬಂದದ್ದು ಕೇರಳದಿಂದಲೇ ಎಂಬುದು ಇಲ್ಲಿ ಮುಖ್ಯ.

ಕೇರಳದ ನೋಂದಣಿ ಇಲಾಖೆಯಲ್ಲಿ ಕೆಳದರ್ಜೆಯ ಗುಮಾಸ್ತರು ಮೇಲ್ದರ್ಜೆಗೆ ಏರಬೇಕಾದರೆ ಇಲಾಖಾ ಪರೀಕ್ಷೆಗಳನ್ನು ಪಾಸು ಮಾಡಬೇಕಿತ್ತು. ಲೆಕ್ಕಪತ್ರದ ಪರೀಕ್ಷೆ, ನೋಂದಣಿ ಪರೀಕ್ಷೆ, ಕಚೇರಿ ಕಾರ್ಯವಿಧಾನದ ಪರೀಕ್ಷೆ. ಪರಿಶಿಷ್ಟ ಜಾತಿ, ಪಂಗಡಗಳ ನೌಕರರಿಗೆ ಇವುಗಳಿಂದ ಕೆಲಕಾಲದ ವಿನಾಯಿತಿ ಕೊಡುವ ಅಧಿಕಾರವನ್ನು ತಿರುವನಂತಪುರದ ಸರ್ಕಾರ 1972ರ ಜನವರಿಯಲ್ಲಿ 13ಎಎ ಎಂಬ ನಿಯಮದ ಮೂಲಕ ಪಡೆದುಕೊಂಡಿತು. ಆ ವರ್ಷ ತೆರವಾದ 51 ಮೇಲ್ದರ್ಜೆ ಹುದ್ದೆಗಳಲ್ಲಿ 34 ಹುದ್ದೆಗಳು ಪರೀಕ್ಷೆ ಪಾಸಾಗದ ಈ ವರ್ಗದ ನೌಕರರಿಗೆ ಹೋದವು. ಪರೀಕ್ಷೆ ಪಾಸಾಗಿಯೂ ಬಡ್ತಿ ಸಿಗದ ಎನ್.ಎಂ. ಥಾಮಸ್ ಎಂಬ ಗುಮಾಸ್ತರು ಎರ್ನಾಕುಲಂನ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಅವರ ದೂರನ್ನು ಹಗುರವಾಗಿ ಕಾಣುವಂತಿಲ್ಲ. ಓದಿ ಪಾಸಾದವನು ಕಾಯುತ್ತ ಕುಳಿತಿರುವಾಗ ಉಂಟಾಗುವ ನೋವು ನಿಜವಾದದ್ದು. ಉಚ್ಚ ನ್ಯಾಯಾಲಯ ಅವರ ಪರವಾಗಿ ತೀರ್ಪಿತ್ತಿತು. ಸರ್ಕಾರ ಮೇಲ್ಮನವಿ ಹೋಯಿತು. 1975ರ ಸೆಪ್ಟೆಂಬರ್ 19ರಂದು ಸರ್ವೋಚ್ಚ ನ್ಯಾಯಾಲಯದ ಏಳು ನ್ಯಾಯಾಧೀಶರ ಪೀಠ, ಐವರು ಒಂದು ಕಡೆ, ಇಬ್ಬರು ಒಂದು ಕಡೆಯಾಗಿ, ಆ ತೀರ್ಪನ್ನು ತಳ್ಳಿಹಾಕಿ ನಿಯಮವನ್ನು ಎತ್ತಿಹಿಡಿಯಿತು. ಬಹುಮತದ ಐವರಲ್ಲಿ ಕೇರಳದವರೇ ಆದ ವಿ.ಆರ್. ಕೃಷ್ಣ ಅಯ್ಯರ್ ಮತ್ತು ಕೆ.ಕೆ. ಮ್ಯಾಥ್ಯೂ ಇದ್ದರು, ಭಿನ್ನಮತ ಬರೆದವರು ಎಚ್.ಆರ್. ಖನ್ನಾ ಮತ್ತು ಎ.ಸಿ. ಗುಪ್ತಾ.

ವಿನಾಯಿತಿ ಶಾಶ್ವತವಲ್ಲ, ಪರೀಕ್ಷೆಯನ್ನು ಮುಂದೆ ಪಾಸು ಮಾಡಲೇಬೇಕು, ಆದ್ದರಿಂದ ದಕ್ಷತೆಯನ್ನು ಬಲಿಗೊಟ್ಟಂತಾಗಲಿಲ್ಲ ಎಂಬುದು ಬಹುಮತದ ವಾದದ ಒಂದು ಎಳೆ. ಇದರಲ್ಲಿ ಇನ್ನೂ ದಕ್ಷತೆಯ ಅಳತೆಗೋಲು ಪರೀಕ್ಷೆಯೇ. ಗಡುವು ಮಾತ್ರ ಮುಂದಕ್ಕೆ ಹೋಗಿದೆ. ವ್ಯಾಕರಣದ ಭಾಷೆಯಲ್ಲಿ ಹೇಳುವುದಾದರೆ ನೋಟ ಇನ್ನೂ ‘ಮಾಡುವ’ವನ ಮೇಲೆಯೇ ಇತ್ತು, ‘ಮಾಡಿದ್ದ’ರ ಕಡೆಗೆ ತಿರುಗಿರಲಿಲ್ಲ.

ಅದು ತಿರುಗಿದ್ದು ಕರ್ನಾಟಕದ ಪ್ರಕರಣದಲ್ಲಿ. ಬಡ್ತಿಯಲ್ಲಿ ಮೀಸಲಾತಿ ಕೊಡುವ ರಾಜ್ಯ ಮೂರು ಸಂಗತಿಗಳನ್ನು ತೋರಿಸಿಕೊಡಬೇಕೆಂದು 2006ರ ಎಂ. ನಾಗರಾಜ್ ತೀರ್ಪು ಹೇಳಿತ್ತು. ಅವುಗಳಲ್ಲಿ ಒಂದು ಒಟ್ಟಾರೆ ಆಡಳಿತ ದಕ್ಷತೆ. ಆ ಲೆಕ್ಕ ಇಲ್ಲವೆಂಬ ಕಾರಣಕ್ಕೆ ಕರ್ನಾಟಕದ 2002ರ ಜ್ಯೇಷ್ಠತಾ ಕಾಯಿದೆಯನ್ನು ಬಿ.ಕೆ. ಪವಿತ್ರ ಪ್ರಕರಣದಲ್ಲಿ 2017ರ ಫೆಬ್ರವರಿಯಲ್ಲಿ ಸರ್ವೋಚ್ಚ ನ್ಯಾಯಾಲಯ ರದ್ದು ಮಾಡಿತು. ಆಗ ರಾಜ್ಯ ಸರ್ಕಾರ ರತ್ನಪ್ರಭಾ ಸಮಿತಿಯಿಂದ ವರದಿ ತರಿಸಿಕೊಂಡಿತು. ದಕ್ಷತೆಯನ್ನು ಅಳೆಯಿರಿ ಎಂದರೆ ಎಲ್ಲಿ ಅಳೆಯುವುದು? ನೌಕರನ ಅಂಕಪಟ್ಟಿಯಲ್ಲೋ, ರಾಜ್ಯದ ಬೆಳವಣಿಗೆಯಲ್ಲೋ? ಆ ವರದಿ ಎರಡನೆಯದರ ಕಡೆಗೂ ಕೈ ತೋರಿಸಿತು. ಅದರ ಆಧಾರದ ಮೇಲೆ ಬಂದ 2018ರ ಕಾಯಿದೆಯನ್ನು 2019ರ ಮೇ 10ರಂದು ನ್ಯಾಯಾಲಯ ಎತ್ತಿಹಿಡಿಯಿತು. ಪರೀಕ್ಷೆಯ ಅಂಕವೊಂದೇ ಅರ್ಹತೆಯಲ್ಲ, ಸಮಾಜದ ಎಲ್ಲರೂ ಒಳಗೊಂಡ ಆಡಳಿತವೇ ದಕ್ಷ ಆಡಳಿತ ಎಂಬ ತಿರುಳಿನ ವಿವೇಚನೆ ಆ ತೀರ್ಪಿನಲ್ಲಿದೆ. ಮಾಡುವವನಿಂದ ಮಾಡಿದ್ದಕ್ಕೆ, ವರ್ತಮಾನ ಕೃದಂತದಿಂದ ಭೂತ ಕೃದಂತಕ್ಕೆ ನೋಟ ಬಂದದ್ದು ಹೀಗೆ. ಭಾರತೀಯ ರೈಲ್ವೆಯ ಅಂಕಿಅಂಶಗಳನ್ನು ಪರಿಶೀಲಿಸಿದ ಅಶ್ವಿನಿ ದೇಶಪಾಂಡೆ ಮತ್ತು ಥಾಮಸ್ ವೈಸ್ಕಾಫ್ ಅವರ ಅಧ್ಯಯನಕ್ಕೂ ಮೀಸಲಾತಿಯಿಂದ ಉತ್ಪಾದಕತೆ ಕುಂದಿತು ಎಂಬುದಕ್ಕೆ ಆಧಾರ ದೊರೆಯಲಿಲ್ಲ.

ಇಂಗ್ಲಿಷಿನ ಒಂದೇ ಪದ ಎರಡೂ ತೀರ್ಪುಗಳಲ್ಲಿ ಇದೆ. ಅದು ತನ್ನ ಅರ್ಥವನ್ನು ಸದ್ದಿಲ್ಲದೆ ಹಿಗ್ಗಿಸಿಕೊಂಡಿತು. ಕನ್ನಡದ ದಕ್ಷತೆ ಅಷ್ಟು ಹಿಗ್ಗುವುದೇ ಎಂಬ ಅನುಮಾನ ಇದ್ದೇ ಇದೆ. ದಕ್ಷ ಎಂದೊಡನೆ ಕಣ್ಣಿಗೆ ಬರುವುದು ಒಬ್ಬ ವ್ಯಕ್ತಿ: ಬೆಳಿಗ್ಗೆ ಹತ್ತಕ್ಕೆ ಸರಿಯಾಗಿ ಬಂದು ಕುರ್ಚಿಯಲ್ಲಿ ಕೂರುವ, ಕಡತ ತಡೆಯದ ಅಧಿಕಾರಿ. ವ್ಯಕ್ತಿಯ ಗುಣವನ್ನು ಹೇಳುವ ಪದದಿಂದ ವ್ಯವಸ್ಥೆಯ ಫಲವನ್ನು ಅಳೆಯಲು ಹೊರಟರೆ, ತೀರ್ಪು ಓದುವ ಕನ್ನಡಿಗ ಮತ್ತೆ ಆ ವ್ಯಕ್ತಿಯ ಅಂಕಪಟ್ಟಿಯನ್ನೇ ಹುಡುಕುತ್ತಾನೆ. ಮಲಯಾಳದ ಕಾರ್ಯಕ್ಷಮತೆ ಈ ವಿಷಯದಲ್ಲಿ ಕೊಂಚ ಮೇಲು. ಅದರಲ್ಲಿ ಕಾರ್ಯವಾದರೂ ಇದೆ. ‘ಕ್ಷಮ’ ಎಂದರೆ ಸಮರ್ಥ; ಅದೇ ಧಾತುವಿನ ‘ಕ್ಷಮಾ’ ಕನ್ನಡದಲ್ಲಿ ಮನ್ನಿಸುವುದಾಯಿತು, ಮಲಯಾಳದಲ್ಲಿ ತಾಳ್ಮೆಯಾಯಿತು. ಸರ್ಕಾರಿ ಕಚೇರಿಯ ಮುಂದೆ ಸಾಲುನಿಂತವರು ಕಾರ್ಯಕ್ಷಮತೆಯನ್ನು ಮಲಯಾಳದ ಅರ್ಥದಲ್ಲಿ ಬಿಡಿಸಿಕೊಂಡು, ಕಾರ್ಯವಾಗಲು ತಾಳ್ಮೆ ಬೇಕು ಎಂದು ನಗಬಹುದು. ಕಾಸರಗೋಡಿನ ಕನ್ನಡಿಗ ಈ ನಗೆಯನ್ನು ಎರಡೂ ಭಾಷೆಗಳಲ್ಲಿ ನಗಬಲ್ಲ. 1956ರ ನವೆಂಬರ್ 1ರಿಂದ ಅವನ ಆಡಳಿತದ ರಾಜಧಾನಿ ತಿರುವನಂತಪುರ, ಉಚ್ಚ ನ್ಯಾಯಾಲಯ ಎರ್ನಾಕುಲಂ. ಸರ್ಕಾರದೊಡನೆ ಕನ್ನಡದಲ್ಲಿ ಪತ್ರವ್ಯವಹಾರ ಮಾಡುವ ಹಕ್ಕನ್ನು 1969ರ ಕೇರಳ ರಾಜಭಾಷಾ ಕಾಯಿದೆ ಅವನಿಗೆ ಕೊಟ್ಟಿದೆ. ಕನ್ನಡ, ಮಲಯಾಳ ಎರಡೂ ಬಲ್ಲವರಿಗೆಂದು ಕಾಸರಗೋಡಿನ ಹುದ್ದೆಗಳನ್ನು ಪ್ರತ್ಯೇಕವಾಗಿ ಪ್ರಕಟಿಸುವ ಪಟ್ಟಂನ ಲೋಕಸೇವಾ ಆಯೋಗದ ಕಟ್ಟಡದವರೆಗೆ ಮಲಬಾರ್ ಎಕ್ಸ್‌ಪ್ರೆಸ್ಸಿನಲ್ಲಿ ರಾತ್ರಿಯಿಡೀ ಕುಳಿತು ಹೋಗಬೇಕು. ಮಲಯಾಳದಿಂದ ಕನ್ನಡಕ್ಕೆ ಬಂದ ಕಚೇರಿಯ ಕಾಗದದಲ್ಲಿ ಒಮ್ಮೆ ದಕ್ಷತೆ, ಒಮ್ಮೆ ಕಾರ್ಯಕ್ಷಮತೆ, ಒಮ್ಮೆ ಸಾಮರ್ಥ್ಯ ಎಂದಿದ್ದರೆ, ಮೂರೂ ಒಂದೇ ಇಂಗ್ಲಿಷ್ ಪದದ ನೆರಳು ಎಂದು ಊಹಿಸುವುದು ಅವನಿಗೆ ಅಭ್ಯಾಸವಾಗಿರುತ್ತದೆ. ಗುಂಡರ್ಟನ ಮಲಯಾಳ ನಿಘಂಟು 1872ರಲ್ಲಿ, ಕಿಟ್ಟೆಲ್ಲನ ಕನ್ನಡ ನಿಘಂಟು 1894ರಲ್ಲಿ, ಎರಡೂ ಮಂಗಳೂರಿನಲ್ಲಿ, ಬಾಸೆಲ್ ಮಿಶನ್ನಿನವರಿಂದ ಅಚ್ಚಾದವು. ಎರಡನ್ನೂ ಅಕ್ಕಪಕ್ಕದಲ್ಲಿಟ್ಟು ಓದಬೇಕಾದ ಅಗತ್ಯ ಉಳಿದವರಿಗಿಂತ ಈ ಗಡಿಯವನಿಗೇ ಹೆಚ್ಚು.

ಥಾಮಸ್ ಪ್ರಕರಣದ ನೋಂದಣಿ ಇಲಾಖೆಯ ವಿಷಯದಲ್ಲಿ ಒಂದು ಮಾತು ಉಳಿದಿದೆ. 1908ರ ನೋಂದಣಿ ಕಾಯಿದೆಯ 49ನೆಯ ಸೆಕ್ಷನ್ನಿನ ಶೀರ್ಷಿಕೆಯಲ್ಲೇ ‘ಎಫೆಕ್ಟ್’ ಎಂಬ ಪದ ಬರುತ್ತದೆ: ಕಡ್ಡಾಯವಾಗಿ ನೋಂದಾಯಿಸಬೇಕಾದ ದಸ್ತಾವೇಜನ್ನು ನೋಂದಾಯಿಸದಿದ್ದರೆ ಅದು ಆ ಸ್ಥಿರಾಸ್ತಿಯನ್ನು ಮುಟ್ಟುವುದಿಲ್ಲ. ಕ್ರಯಪತ್ರದ ಶಾಯಿ ಒಣಗಿದ್ದರೂ, ಹಣ ಕೈಬದಲಾಗಿದ್ದರೂ, ಗುಮಾಸ್ತ ಅದನ್ನು ಪುಸ್ತಕಕ್ಕೆ ಏರಿಸಿ ಮೊಹರು ಬೀಳುವವರೆಗೆ ಅದು ‘ನಾಟು’ವುದಿಲ್ಲ. ತನ್ನ ಎಫಿಶಿಯೆನ್ಸಿಯ ಬಗ್ಗೆ ದೆಹಲಿಯಲ್ಲಿ ಏಳು ನ್ಯಾಯಾಧೀಶರು ವಾದ ಕೇಳುತ್ತಿದ್ದಾಗಲೂ ಅವನು ಇತರರ ಕಾಗದಗಳಿಗೆ ಎಫೆಕ್ಟ್ ಕೊಡುತ್ತಲೇ ಕುಳಿತಿದ್ದ. ಕಟಕಟೆಯ ಈಚೆ ನಿಂತ ಹಳ್ಳಿಯವನು, ಆ ಗುಮಾಸ್ತ ಲೆಕ್ಕಪತ್ರದ ಪರೀಕ್ಷೆ ಪಾಸಾಗಿದ್ದಾನೆಯೇ ಎಂದು ಕೇಳುವುದಿಲ್ಲ. ಆಧಾರ ಯಾವಾಗ ಕೈಗೆ ಸಿಗುತ್ತದೆ ಎಂದಷ್ಟೇ ಕೇಳುತ್ತಾನೆ. ದಕ್ಷಿಣದಲ್ಲಾದರೆ ಮಲಯಾಳದಲ್ಲಿ, ಕಾಸರಗೋಡಿನಲ್ಲಾದರೆ ಒಮ್ಮೊಮ್ಮೆ ಕನ್ನಡದಲ್ಲಿ.